ಬನಿತ್ಸಾ ಬೇಕು, ಬೇಯಿಸೋರು ಬೇಡ: ಒಂದು ಬಾಲ್ಕನ್ ತಿಂಡಿ ಹೇಳುವ ಪೌರತ್ವದ ಕಥೆ

ಬಲ್ಗೇರಿಯಾದಲ್ಲಿ ಬೆಳಗಿನ ತಿಂಡಿ ಅಂದರೆ ಮೊದಲು ನೆನಪಾಗೋದು ಬನಿತ್ಸಾ. ಕಾಗದದಷ್ಟು ತೆಳುವಾದ ಹಿಟ್ಟಿನ ಹಾಳೆಗಳು, ನಡುವೆ ಉಪ್ಪುಪ್ಪಾದ ಬಿಳಿ ಚೀಸ್, ಮೊಟ್ಟೆ, ಮೊಸರು. ಓವನ್ನಿನಲ್ಲಿ ಬೆಂದು ಹೊಂಬಣ್ಣಕ್ಕೆ ತಿರುಗಿದ ಪದರು ಪದರು ತಿಂಡಿ. ಕೆಲಸಕ್ಕೆ ಹೊರಟವರು ಒಂದು ತುಂಡನ್ನು ಕಾಗದದಲ್ಲಿ ಸುತ್ತಿಸಿಕೊಂಡು ನಡೆಯುತ್ತಲೇ ತಿಂದು ಮುಗಿಸ್ತಾರೆ. ಹೊಸ ವರ್ಷದ ರಾತ್ರಿ ಅದೇ ಬನಿತ್ಸಾ ದೊಡ್ಡ ತಟ್ಟೆಯಲ್ಲಿ ಮನೆಮಂದಿಯ ನಡುವೆ ಬಂದು ಕೂರುತ್ತೆ.

ಅಡುಗೆ ವಿಡಿಯೋಗಳು, ಪ್ರವಾಸಿ ಬರಹಗಳು ಇದನ್ನು ‘ಬಲ್ಗೇರಿಯಾದ ರಾಷ್ಟ್ರೀಯ ತಿಂಡಿ’ ಅಂತ ಪರಿಚಯಿಸುತ್ತವೆ. ತಪ್ಪೇನಿಲ್ಲ. ಆದರೆ ಪಶ್ಚಿಮದ ಗಡಿ ದಾಟಿ ಸರ್ಬಿಯಾಕ್ಕೆ ಹೋದರೆ ಇದರ ತಂಗಿಗೆ ಗಿಬಾನಿತ್ಸಾ ಅಂತ ಹೆಸರು. ಬೋಸ್ನಿಯಾದಲ್ಲಿ ಪಿತಾ, ಅಲ್ಬೇನಿಯಾದಲ್ಲಿ ಬ್ಯುರೆಕ್, ಗ್ರೀಸ್‌ನಲ್ಲಿ ತಿರೋಪಿತಾ, ತುರ್ಕಿಯಲ್ಲಿ ಬೊರೆಕ್. ಪ್ರತಿಯೊಬ್ಬರೂ ತಮ್ಮದೇ ಮೂಲ, ಪಕ್ಕದವರದ್ದು ನಕಲು ಅಂತ ವಾದಿಸೋದನ್ನ ಯಾವ ಸಾಮಾಜಿಕ ಜಾಲತಾಣದಲ್ಲಿ ಬೇಕಾದರೂ ನೋಡಬಹುದು.

ನಾನು ಈ ತಿಂಡಿಯ ಬಗ್ಗೆ ಬರೆಯಲು ಹೊರಟಿದ್ದು ಈ ‘ಯಾರದ್ದು’ ಜಗಳಕ್ಕೆ ತೀರ್ಪು ಕೊಡೋದಕ್ಕಲ್ಲ. ಬಾಲ್ಕನ್ ಚರಿತ್ರೆಯನ್ನು ಓದುತ್ತಾ ಹೋದಂತೆ ಇನ್ನೊಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತೆ: ಒಂದು ತಿಂಡಿಯನ್ನು ‘ನಮ್ಮದು’ ಅಂತ ಅಪ್ಪಿಕೊಳ್ಳುವ ಸಮಾಜ, ಅದನ್ನು ಹಂಚಿಕೊಂಡ ಜನರನ್ನು ‘ನಮ್ಮವರಲ್ಲ’ ಅಂತ ಹೊರಗೆ ತಳ್ಳಬಲ್ಲದು. ಎರಡನ್ನೂ ಒಂದೇ ಕಾಲದಲ್ಲಿ, ಯಾವ ಮುಜುಗರವೂ ಇಲ್ಲದೆ ಮಾಡಬಲ್ಲದು.

ಏನಿದು ಬನಿತ್ಸಾ?

ಮೊದಲು ತಿಂಡಿಯನ್ನೇ ನೋಡೋಣ. ಮೈದಾ, ನೀರು, ಉಪ್ಪು, ಚೂರು ಎಣ್ಣೆ, ಕೆಲವರು ಹಾಕುವ ಒಂದು ಚಮಚ ವಿನೆಗರ್, ಕಣಕ ಇಷ್ಟೇ. ಚೆನ್ನಾಗಿ ನಾದಿ, ಎಣ್ಣೆ ಸವರಿ ನೆನೆಯಲು ಬಿಡ್ತಾರೆ. ನೆನೆದ ಕಣಕಕ್ಕೆ ಎಳೆದರೂ ಹರಿಯದ ಗುಣ ಬರುತ್ತೆ. ಒಬ್ಬಟ್ಟು ಮಾಡೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಉದ್ದನೆಯ ಸಪೂರ ಲಟ್ಟಣಿಗೆಯಲ್ಲಿ ಲಟ್ಟಿಸಿ, ಕೈಯಿಂದ ಸುತ್ತಲೂ ಮೆಲ್ಲಗೆ ಎಳೆದು, ಮೇಜಿನಗಲದ ಹಾಳೆ ಮಾಡ್ತಾರೆ. ಈ ಹಾಳೆಗಳಿಗೆ ಬಲ್ಗೇರಿಯನ್ನರು ‘ಕೋರಿ’ ಅಂತಾರೆ. ಇವತ್ತು ಹೆಚ್ಚಿನ ಮನೆಗಳು ಅಂಗಡಿಯಿಂದ ಪ್ಯಾಕೆಟ್ ಕೋರಿಯನ್ನೇ ತರುತ್ತವೆ. ಕೈಯಲ್ಲಿ ಹಾಳೆ ಎಳೆಯೋದು ಅಜ್ಜಿಯಂದಿರ ವಿದ್ಯೆಯಾಗಿ ಉಳಿದಿದೆ. ‘ರಾಷ್ಟ್ರೀಯ ತಿಂಡಿ’ ಅನ್ನೋ ಹೆಮ್ಮೆಯ ಮಾತಿನ ಹಿಂದೆ ತಲೆಮಾರುಗಳ ಕಾಲ ಹೆಂಗಸರ ಸಂಬಳವಿಲ್ಲದ ದುಡಿಮೆ ಇದೆ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೇನೆ.

ಹೂರಣಕ್ಕೆ ಸಿರೆನೆ ಬೇಕು. ಉಪ್ಪುನೀರಿನಲ್ಲಿ ಇಟ್ಟು ಹದಗೊಳಿಸಿದ ಬಿಳಿ ಚೀಸ್ ಅದು. ನಮ್ಮ ಪನೀರ್‌ಗಿಂತ ಉಪ್ಪು, ಹುಳಿ ಜಾಸ್ತಿ, ಕೈಯಲ್ಲಿ ಹಿಸುಕಿದರೆ ಪುಡಿಪುಡಿಯಾಗುತ್ತೆ. ಜೊತೆಗೆ ಮೊಟ್ಟೆ ಮತ್ತು ಮೊಸರು. ಮೊಸರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೊರೆಯೆದ್ದು ಉಬ್ಬುತ್ತೆ, ಅದರಿಂದ ಬನಿತ್ಸಾ ಹಗುರಾಗುತ್ತೆ. ಹಾಳೆಗಳಿಗೆ ಬೆಣ್ಣೆ ಇಲ್ಲವೇ ಎಣ್ಣೆ ಸವರಿ, ಹೂರಣ ಹರಡಿ, ಒಂದರ ಮೇಲೊಂದು ಜೋಡಿಸಿ ಬೇಯಿಸಬಹುದು. ಇಲ್ಲವೇ ಹಗ್ಗದ ಹಾಗೆ ಸುರುಳಿ ಸುತ್ತಿ, ತಟ್ಟೆಯ ನಡುವಿನಿಂದ ಚಕ್ಕುಲಿ ತರಹ ಸುತ್ತುತ್ತಾ ಹೋಗಬಹುದು. ಹೀಗೆ ಸುತ್ತಿದ್ದಕ್ಕೆ ‘ವಿತಾ ಬನಿತ್ಸಾ’ ಅನ್ನುತ್ತಾರೆ.

ಹೂರಣ ಬದಲಾದರೆ ಹೆಸರೂ ಬದಲು. ಸಿಹಿಗುಂಬಳ, ಅಕ್ರೋಟು, ಸಕ್ಕರೆ, ಚಕ್ಕೆಪುಡಿ ಹಾಕಿದರೆ ತಿಕ್ವೆನಿಕ್. ಎಲೆಕೋಸು ಹಾಕಿದರೆ ಜೆಲ್ನಿಕ್, ಪಾಲಕ್ ಹಾಕಿದರೆ ಸ್ಪನಾಚ್ನಿಕ್, ಈರುಳ್ಳಿ ಹಾಕಿದರೆ ಲುಚ್ನಿಕ್. ಹಾಲು, ಮೊಟ್ಟೆ, ಸಕ್ಕರೆ ಕಲಸಿ ಹಾಳೆಗಳ ಮೇಲೆ ಸುರಿದು ಬೇಯಿಸಿದರೆ ಸಿಹಿ ‘ಮ್ಲೆಚ್ನಾ ಬನಿತ್ಸಾ’, ಅಂದರೆ ಹಾಲು ಬನಿತ್ಸಾ. ದಕ್ಷಿಣದ ರೊಡೋಪಿ ಬೆಟ್ಟಗಳ ಕಡೆ ಅಕ್ಕಿ ತುಂಬಿಸಿ ‘ಕ್ಲಿನ್’ ಮಾಡ್ತಾರೆ. ಜೊತೆಗೆ ಕುಡಿಯೋಕೆ ಅಯ್ರಾನ್, ಅಂದರೆ ಉಪ್ಪು ಹಾಕಿದ ಮಜ್ಜಿಗೆ. ಇಲ್ಲವೇ ಬೊಜಾ ಅನ್ನೋ ಪಾನೀಯ. ಧಾನ್ಯವನ್ನು ಹುಳಿ ಬರಿಸಿ ಮಾಡುವ ಈ ದಪ್ಪನೆಯ ಬೊಜಾ ನಮ್ಮ ಹುಳಿ ಅಂಬಲಿಯನ್ನು ನೆನಪಿಸುವಂಥದ್ದು, ಸಿಹಿ ಮಾತ್ರ ಜಾಸ್ತಿ.

ಕ್ರಿಸ್‌ಮಸ್ ಹಿಂದಿನ ರಾತ್ರಿ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸದ ಕೊನೆಯ ದಿನ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಹಾಗಾಗಿ ಆ ದಿನ ಎಣ್ಣೆ ಸವರಿದ ಸಿಹಿಗುಂಬಳದ ತಿಕ್ವೆನಿಕ್. ಹೊಸ ವರ್ಷಕ್ಕೆ ಚೀಸ್ ಬನಿತ್ಸಾ. ಅದರೊಳಗೆ ಸಣ್ಣ ಚೀಟಿಗಳನ್ನೋ, ‘ದ್ರ್ಯಾನ್’ ಗಿಡದ ಮೊಗ್ಗಿರುವ ಕಡ್ಡಿಗಳನ್ನೋ ಅಡಗಿಸಿ ಇಡ್ತಾರೆ. ತಟ್ಟೆ ತಿರುಗಿಸಿ ಒಬ್ಬೊಬ್ಬರೂ ಒಂದು ತುಂಡು ತಗೊಂಡಾಗ ಯಾರಿಗೆ ಆರೋಗ್ಯ, ಯಾರಿಗೆ ಮದುವೆ, ಯಾರಿಗೆ ಪ್ರಯಾಣ ಅಂತ ಗೊತ್ತಾಗುತ್ತೆ. ಈ ಚೀಟಿಗಳಿಗೆ ಬಲ್ಗೇರಿಯನ್ ಭಾಷೆಯಲ್ಲಿ ‘ಕಸ್ಮೆತಿ’ ಅನ್ನುತ್ತಾರೆ. ಒಂದಿದ್ದರೆ ‘ಕಸ್ಮೆತ್’.

ಹೌದು, ನಮ್ಮ ‘ಕಿಸ್ಮತ್’ ಅದೇ.

ಹೆಸರುಗಳ ಜಾಡು ಹಿಡಿದರೆ

ಬಲ್ಗೇರಿಯಾದ ಅತ್ಯಂತ ‘ನಮ್ಮದು’ ಎನ್ನಿಸುವ ಹಬ್ಬದ ಆಚರಣೆಯ ನಡುವೆ ಕೂತಿರೋ ಪದ ಅರಬ್ಬಿ ಮೂಲದ್ದು. ತುರ್ಕಿ ಭಾಷೆಯ ಮೂಲಕ ಅಲ್ಲಿಗೆ ಹೋಯಿತು, ಪರ್ಷಿಯನ್ ಮತ್ತು ಉರ್ದುವಿನ ಮೂಲಕ ನಮ್ಮ ಕಡೆಗೂ ಬಂತು. ಬನಿತ್ಸಾ ಬೇಯಿಸುವ ತಟ್ಟೆಗೆ ಅವರು ‘ತವಾ’ ಅನ್ನುತ್ತಾರೆ, ‘ತೆಪ್ಸಿಯಾ’ ಅಂತಲೂ ಹೇಳ್ತಾರೆ. ಎರಡೂ ತುರ್ಕಿಯಿಂದ ಬಂದ ಪದಗಳು. ಮೊದಲನೆಯದು ನಮ್ಮ ದೋಸೆ ತವಾದ ಬಂಧು. ಕ್ಯುಫ್ತೆ ಅಂದರೆ ಕೋಫ್ತಾ, ಕೆಬಾಪ್ಚೆ ಕಬಾಬಿನ ಮಗು, ಚೊರ್ಬಾ ಅಂದರೆ ಶೋರ್ಬಾ. ದೊಣ್ಣೆ ಮೆಣಸಿನಕಾಯಿಗೆ ಚೀಸ್ ತುಂಬಿ ಕರಿಯೋ ಮೆಚ್ಚಿನ ತಿನಿಸಿಗೆ ‘ಚುಷ್ಕಿ ಬ್ಯುರೆಕ್’ ಅಂತಲೇ ಹೆಸರು.

ಹಾಗಾದರೆ ‘ಬನಿತ್ಸಾ’? ಇದು ಸ್ಲಾವಿಕ್ ಪದ. ಮಡಿಸು ಎಂಬ ಅರ್ಥದ ಹಳೆಯ ಸ್ಲಾವಿಕ್ ಬೇರಿನಿಂದ ‘ಗಬನಿತ್ಸಾ’ ಅಂತಾಗಿ, ಮುಂದೆ ಮೊದಲ ಅಕ್ಷರ ಉದುರಿ ಬನಿತ್ಸಾ ಆಯಿತು ಅಂತ ಭಾಷಾತಜ್ಞರು ವಿವರಿಸುತ್ತಾರೆ. ಸರ್ಬಿಯಾದ ಗಿಬಾನಿತ್ಸಾ ಅದೇ ಬೇರಿನದ್ದು. ‘ಮಡಿಸಿದ್ದು’ ಅನ್ನೋದೇ ಎರಡರ ಅರ್ಥ.

ಹೆಸರು ಸ್ಲಾವಿಕ್, ತಟ್ಟೆ ತುರ್ಕಿ, ಅದೃಷ್ಟದ ಚೀಟಿ ಅರಬ್ಬಿ. ಒಂದೇ ತಿಂಡಿಯಲ್ಲಿ ಇಷ್ಟು ಭಾಷೆಗಳು ಯಾಕೆ ಸೇರಿಕೊಂಡವು ಅಂದರೆ, 14ನೇ ಶತಮಾನದ ಕೊನೆಯಿಂದ 1878ರವರೆಗೆ ಈ ನೆಲ ಆಟೊಮನ್ ಸಾಮ್ರಾಜ್ಯದ ಭಾಗವಾಗಿತ್ತು. ಬಲ್ಗೇರಿಯಾದ ಶಾಲಾ ಚರಿತ್ರೆ ಈ ಐದು ಶತಮಾನಗಳನ್ನು ‘ತುರ್ಕರ ನೊಗ’ ಅನ್ನುತ್ತೆ. ಆ ಕಾಲದ ದಬ್ಬಾಳಿಕೆ ಸುಳ್ಳಲ್ಲ. 1876ರ ಏಪ್ರಿಲ್ ದಂಗೆಯನ್ನು ಹೊಸಕಿ ಹಾಕಿದಾಗ ಬಟಾಕ್‌ನಂಥ ಊರುಗಳಲ್ಲಿ ನಡೆದ ಹತ್ಯಾಕಾಂಡ ಇಡೀ ಯುರೋಪಿನಲ್ಲಿ ಸುದ್ದಿಯಾಗಿತ್ತು. ಆದರೆ ಐದು ಶತಮಾನ ಅಂದರೆ ಬರೀ ನೊಗ ಅಲ್ಲ. ಪಕ್ಕದ ಮನೆ, ಸಂತೆ, ಮದುವೆಯೂಟ ಕೂಡ.

ಪದರು ಕಂಡುಹಿಡಿದವರು ಯಾರು?

ಇದಕ್ಕೆ ವಿದ್ವಾಂಸರಲ್ಲೂ ಒಮ್ಮತ ಇಲ್ಲ. ಕ್ರಿಸ್ತಪೂರ್ವ 2ನೇ ಶತಮಾನದ ರೋಮನ್ ಲೇಖಕ ಕೇಟೋ ಕೃಷಿ ಬಗ್ಗೆ ಬರೆದ ಪುಸ್ತಕದಲ್ಲಿ ‘ಪ್ಲಸೆಂಟಾ’ ಅನ್ನೋ ತಿಂಡಿ ಮಾಡುವ ವಿಧಾನ ಇದೆ: ಹಿಟ್ಟಿನ ಹಾಳೆ, ಚೀಸ್, ಜೇನು, ಮತ್ತೆ ಹಾಳೆ. ರೊಮೇನಿಯಾದವರು ಇವತ್ತಿಗೂ ತಮ್ಮ ಹೂರಣದ ತಿಂಡಿಯನ್ನು ‘ಪ್ಲಚಿಂತಾ’ ಅನ್ನುತ್ತಾರೆ. ಅದೇ ಲ್ಯಾಟಿನ್ ಪದ. ಹಾಗಾಗಿ ಮೂಲ ರೋಮ್ ಮತ್ತು ಬೈಜಾಂಟಿಯಂ ಅನ್ನೋರಿದ್ದಾರೆ.

ಇನ್ನೊಂದು ಕಡೆ, 11ನೇ ಶತಮಾನದಲ್ಲಿ ಮಹಮೂದ್ ಅಲ್ ಕಾಶ್ಗರಿ ಬರೆದ ತುರ್ಕಿಕ್ ಭಾಷೆಗಳ ನಿಘಂಟಿನಲ್ಲಿ ಮಡಿಕೆಯ ರೊಟ್ಟಿಗೆ ‘ಯುವ್ಘಾ’ ಎಂಬ ಪದ ಇದೆ. ತುರ್ಕಿಯಲ್ಲಿ ಇವತ್ತು ತೆಳು ಹಾಳೆಗೆ ಹೇಳೋ ‘ಯುಫ್ಕಾ’ ಅದರದ್ದೇ ರೂಪ. ಆಹಾರ ಇತಿಹಾಸಕಾರ ಚಾರ್ಲ್ಸ್ ಪೆರ್ರಿ ಇದನ್ನು ಆಧಾರವಾಗಿಟ್ಟುಕೊಂಡು, ದೊಡ್ಡ ಒಲೆ ಇಲ್ಲದ ಅಲೆಮಾರಿ ತುರ್ಕರು ಬಾಣಲೆ ಮೇಲೆ ತೆಳು ರೊಟ್ಟಿ ಬೇಯಿಸಿ ಪದರು ಜೋಡಿಸಿ ದಪ್ಪ ರೊಟ್ಟಿಯ ಆಸೆ ತೀರಿಸಿಕೊಂಡರು, ಅಲ್ಲಿಂದ ಬಕ್ಲವಾವರೆಗಿನ ದಾರಿ ಶುರುವಾಯಿತು ಅಂತ ವಾದಿಸಿದರು.

ನನಗೆ ಅನಿಸೋದು ಇಷ್ಟು: ಎರಡೂ ವಾದಗಳಲ್ಲಿ ಸತ್ಯ ಇರಬಹುದು. ಚೀಸ್ ತುಂಬಿದ ಹಿಟ್ಟಿನ ತಿಂಡಿ ಬಾಲ್ಕನ್ ಹಳ್ಳಿಗಳಲ್ಲಿ ಮೊದಲೇ ಇತ್ತು ಅಂದುಕೊಂಡರೂ, ಕೂದಲೆಳೆಯಷ್ಟು ತೆಳುವಾದ ಹಾಳೆಯ ಕೌಶಲ ಆಟೊಮನ್ ಅರಮನೆ ಮತ್ತು ಪೇಟೆಗಳಲ್ಲಿ ಪಳಗಿತು ಅಂದುಕೊಂಡರೂ, ಇವು ಒಂದಕ್ಕೊಂದು ವಿರುದ್ಧವಲ್ಲ.

ಅಷ್ಟೇ ಅಲ್ಲ, ಪ್ರಯಾಣ ಒಂದೇ ದಿಕ್ಕಿನದ್ದೂ ಆಗಿರಲಿಲ್ಲ. ತುರ್ಕಿಯ ಅಂಗಡಿಗಳಲ್ಲಿ ‘ಬೋಷ್ನಾಕ್ ಬೊರೆಕ್’, ‘ಅರ್ನಾವುತ್ ಬೊರೆಕ್’ ಸಿಗುತ್ತವೆ. ಬೋಸ್ನಿಯನ್ ಬೊರೆಕ್, ಅಲ್ಬೇನಿಯನ್ ಬೊರೆಕ್ ಅಂತ ಅರ್ಥ. 1877-78ರ ಯುದ್ಧದಲ್ಲಿ, 1912-13ರ ಬಾಲ್ಕನ್ ಯುದ್ಧಗಳಲ್ಲಿ ಮನೆಮಠ ಕಳಕೊಂಡು ಓಡಿಬಂದ ಲಕ್ಷಾಂತರ ಬಾಲ್ಕನ್ ಮುಸ್ಲಿಮರು ತಮ್ಮ ಅಡುಗೆಯನ್ನೂ ಹೊತ್ತು ತಂದರು. 1923ರ ಲುಸಾನ್ ಒಪ್ಪಂದದ ಜನವಿನಿಮಯದ ಹೊತ್ತಿಗೆ ಇದರ ಕನ್ನಡಿ ಪ್ರತಿಬಿಂಬ ಗ್ರೀಸ್‌ನಲ್ಲಿ ಕಾಣಿಸಿತು. ಏಷ್ಯಾ ಮೈನರ್‌ನಿಂದ ಗ್ರೀಸ್‌ಗೆ ಬಂದು ಬಿದ್ದ ಸುಮಾರು 12 ಲಕ್ಷ ಕ್ರೈಸ್ತ ನಿರಾಶ್ರಿತರ ಜೊತೆಗೇ ಥೆಸಲೊನಿಕಿ ಕಡೆಯ ‘ಬುಗಾತ್ಸಾ’ ಅನ್ನೋ ಪದರಿನ ತಿಂಡಿಯೂ ಜನಪ್ರಿಯವಾಯಿತು. ಈ ಪ್ರದೇಶದಲ್ಲಿ ಅಡುಗೆ ಹರಡಿದ್ದರಲ್ಲಿ ವ್ಯಾಪಾರದಷ್ಟೇ ಪಾಲು ನಿರಾಶ್ರಿತರ ಗಂಟುಮೂಟೆಗೂ ಇದೆ.

ರಾಷ್ಟ್ರೀಯ ಅಡುಗೆ ಎಂಬ ಸರ್ಕಾರಿ ಯೋಜನೆ

ಸಾಮ್ರಾಜ್ಯ ಒಡೆದು ರಾಷ್ಟ್ರಗಳಾದ ಮೇಲೆ ಹಂಚಿಕೊಂಡ ಅಡುಗೆಮನೆಗೂ ಬೇಲಿ ಹಾಕಬೇಕಾಯಿತು. ಬಲ್ಗೇರಿಯಾದಲ್ಲಿ 1934ರಲ್ಲಿ ಒಂದೇ ಏಟಿಗೆ ಸಾವಿರಕ್ಕೂ ಹೆಚ್ಚು ಊರುಗಳ ತುರ್ಕಿ ಹೆಸರುಗಳನ್ನು ಅಳಿಸಿ ಬಲ್ಗೇರಿಯನ್ ಹೆಸರಿಟ್ಟರು. ಊರಿನ ಹೆಸರು ಬದಲಿಸೋದು ಸುಲಭ, ಒಂದು ಆದೇಶ ಸಾಕು. ಅಡುಗೆಯ ವಿಷಯ ಹಾಗಲ್ಲ.

ಇದಕ್ಕೆ ಒಳ್ಳೆ ಉದಾಹರಣೆ ಶೋಪ್ಸ್ಕಾ ಸಲಾಡ್. ಟೊಮೆಟೊ, ಸೌತೆಕಾಯಿ, ಮೇಲೆ ತುರಿದ ಸಿರೆನೆ. ಬಿಳಿ, ಹಸಿರು, ಕೆಂಪು: ಬಲ್ಗೇರಿಯಾದ ಬಾವುಟದ ಬಣ್ಣಗಳೇ. ಶತಮಾನಗಳ ಹಳೆಯ ಜನಪದ ಅಡುಗೆ ಅಂತ ಅನೇಕರು ನಂಬಿರುವ ಇದನ್ನು ರೂಪಿಸಿ ಹಬ್ಬಿಸಿದ್ದು ಸಮಾಜವಾದಿ ಸರ್ಕಾರದ ಪ್ರವಾಸೋದ್ಯಮ ಸಂಸ್ಥೆ ಬಾಲ್ಕನ್‌ತುರಿಸ್ಟ್. 1950ರ ದಶಕದಿಂದ ಈಚೆಗೆ, ಕಪ್ಪು ಸಮುದ್ರದ ದಂಡೆಯ ಹೋಟೆಲುಗಳಿಗೆ ಬರುವ ವಿದೇಶಿಯರಿಗಾಗಿ. ರುಚಿಯಲ್ಲಿ ಮೋಸವಿಲ್ಲ. ಆದರೆ ‘ಪರಂಪರೆ’ ಅಂತ ನಾವು ತಿನ್ನೋದರಲ್ಲಿ ಎಷ್ಟು ಭಾಗ ಇಲಾಖೆಯ ಕಡತದಿಂದ ಬಂದದ್ದು ಅನ್ನೋದಕ್ಕೆ ಇದು ಸಾಕ್ಷಿ.

ಬನಿತ್ಸಾದ ಚೀಸಿನ ವಿಷಯವೂ ಹೀಗೇ. ಹತ್ತಿರದ ಸಂಬಂಧಿಯಾದ ಫೆಟಾ ಹೆಸರನ್ನು ಯುರೋಪಿಯನ್ ಒಕ್ಕೂಟ 2002ರಲ್ಲಿ ಗ್ರೀಸ್‌ಗೆ ಮೀಸಲಿಟ್ಟಿತು, ಡೆನ್ಮಾರ್ಕ್ ಮತ್ತು ಜರ್ಮನಿಯ ತಕರಾರನ್ನು ಒಕ್ಕೂಟದ ನ್ಯಾಯಾಲಯ 2005ರಲ್ಲಿ ತಳ್ಳಿಹಾಕಿತು. ಕುರಿ ಮೇಕೆ ಸಾಕುವ ಸಣ್ಣ ರೈತರಿಗೆ ಇಂಥ ರಕ್ಷಣೆ ಬೇಕು ಅನ್ನೋದನ್ನು ನಾನೂ ಒಪ್ತೇನೆ. ಆದರೆ ಅದು ಮಾರುಕಟ್ಟೆಯ ಹಕ್ಕು, ಚರಿತ್ರೆಯ ಬಗ್ಗೆ ಕೊಟ್ಟ ಪ್ರಮಾಣಪತ್ರ ಅಲ್ಲ.

ತಿಂಡಿಯ ಹೆಸರು ಉಳಿಯಿತು, ಮನುಷ್ಯರ ಹೆಸರು?

ಈಗ ಈ ಲೇಖನದ ಮುಖ್ಯ ಮಾತಿಗೆ ಬರ್ತೇನೆ.

1984ರ ಡಿಸೆಂಬರ್. ಟೊಡೊರ್ ಝಿವ್ಕೊವ್ ನೇತೃತ್ವದ ಬಲ್ಗೇರಿಯಾ ಸರ್ಕಾರ ತನ್ನ ತುರ್ಕಿ ಅಲ್ಪಸಂಖ್ಯಾತರ ಹೆಸರು ಬದಲಿಸುವ ಕಾರ್ಯಾಚರಣೆ ಶುರು ಮಾಡಿತು. ನೀವು ನಿಜಕ್ಕೂ ತುರ್ಕರಲ್ಲ, ಹಿಂದೆ ಬಲವಂತವಾಗಿ ಮತಾಂತರಗೊಂಡ ಬಲ್ಗೇರಿಯನ್ನರು, ಈಗ ಮರಳಿ ಮೂಲಕ್ಕೆ ಬನ್ನಿ ಅನ್ನೋದು ಸರ್ಕಾರದ ವಾದ. ಇದಕ್ಕಿಟ್ಟ ಹೆಸರು ‘ಪುನರುತ್ಥಾನ ಪ್ರಕ್ರಿಯೆ’. ಪೊಲೀಸರು, ಸೈನಿಕರು ಹಳ್ಳಿಗಳನ್ನು ಸುತ್ತುವರಿದು ನಿಂತಾಗ ಮೆಹಮೆತ್‌ಗಳು, ಆಯ್ಷೆಗಳು ಕೆಲವೇ ತಿಂಗಳಲ್ಲಿ ಕಡತಗಳಲ್ಲಿ ಸ್ಲಾವಿಕ್ ಹೆಸರಿನವರಾದರು. ಹೀಗೆ ಹೆಸರು ಕಳಕೊಂಡವರು ಎಂಟು ಲಕ್ಷಕ್ಕೂ ಹೆಚ್ಚು. ಪೊಮಾಕ್ ಅನ್ನೋ ಬಲ್ಗೇರಿಯನ್ ಭಾಷೆಯಾಡುವ ಮುಸ್ಲಿಮರಿಗೆ ಇದೇ ಗತಿ 1970ರ ದಶಕದ ಮೊದಲಲ್ಲೇ ಆಗಿತ್ತು.

ಸಾರ್ವಜನಿಕವಾಗಿ ತುರ್ಕಿ ಮಾತಾಡಿದರೆ ದಂಡ. ಪ್ರತಿಭಟಿಸಿದವರನ್ನು ಡ್ಯಾನ್ಯೂಬ್ ನದಿಯ ಬೆಲೆನೆ ದ್ವೀಪದ ಶಿಬಿರಕ್ಕೆ ಹಾಕಿದರು. ಮೊಗಿಲ್ಯಾನೆ ಎಂಬ ಹಳ್ಳಿಯಲ್ಲಿ ಪ್ರತಿಭಟನೆಯನ್ನು ಮುರಿಯುವಾಗ ಸತ್ತವರಲ್ಲಿ ಒಂದೂವರೆ ವರ್ಷವೂ ತುಂಬದ ಮಗು ಇತ್ತು. ಅದರ ನೆನಪಿಗೆ ಕಟ್ಟಿದ ಕಾರಂಜಿಯ ಬಳಿ ಜನ ಇವತ್ತಿಗೂ ಪ್ರತಿ ಡಿಸೆಂಬರ್‌ನಲ್ಲಿ ಸೇರುತ್ತಾರೆ.

ನನ್ನನ್ನು ಕಾಡೋದು ಇಲ್ಲಿನ ವಿಪರ್ಯಾಸ. ಬೀದಿಯಲ್ಲಿ ತುರ್ಕಿ ಪದ ಆಡಿದರೆ ಅಪರಾಧ. ಅದೇ ಬೀದಿಯ ಹೋಟೆಲಿನಲ್ಲಿ ಕ್ಯುಫ್ತೆ, ಕೆಬಾಪ್ಚೆ, ಬೊಜಾ, ಅಯ್ರಾನ್. ಬನಿತ್ಸಾದೊಳಗೆ ಕಸ್ಮೆತ್. ಊಟದ ಹೆಸರುಗಳು ಇವತ್ತಿಗೂ ಹಾಗೇ ಇವೆ. ಆ ಪದಗಳನ್ನು ತಾಯಿಭಾಷೆಯಾಗಿ ಆಡುತ್ತಿದ್ದವರಿಗೆ ಮಾತ್ರ ತಮ್ಮ ಹೆಸರು ತಮ್ಮದಾಗಿ ಉಳಿಯಲಿಲ್ಲ.

1989ರ ಮೇ ತಿಂಗಳಲ್ಲಿ ದೊಡ್ಡ ಪ್ರತಿಭಟನೆಗಳಾದವು. ಮೇ 29ರಂದು ಝಿವ್ಕೊವ್ ಟಿವಿಯಲ್ಲಿ ಮಾತಾಡಿ ತುರ್ಕಿ ದೇಶ ತನ್ನ ಗಡಿ ತೆರೆಯಲಿ ಅಂದರು. ಮುಂದಿನ ಮೂರು ತಿಂಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಟ್ರ್ಯಾಕ್ಟರು, ರೈಲು, ಕಾರುಗಳಲ್ಲಿ ಸಾಮಾನು ತುಂಬಿಕೊಂಡು ಹೊರಟುಹೋದರು. ಪ್ರವಾಸಿ ಪಾಸ್‌ಪೋರ್ಟ್ ಕೊಟ್ಟು ಕಳಿಸಿದ್ದರಿಂದ ಇದಕ್ಕೆ ‘ದೊಡ್ಡ ವಿಹಾರ’ ಅಂತ ಹೆಸರು ಬಿತ್ತು. ಇಷ್ಟು ಕ್ರೂರವಾದ ಸರ್ಕಾರಿ ತಮಾಷೆ ಅಪರೂಪ. ತಂಬಾಕು ಹೊಲಗಳಲ್ಲಿ ದುಡಿಯುವ ಕೈಗಳಿಲ್ಲದೆ, ಪಟ್ಟಣದ ನೌಕರರನ್ನು ಕೊಯ್ಲಿಗೆ ಕಳಿಸಬೇಕಾಯಿತು.

ಅದೇ ವರ್ಷ ನವೆಂಬರ್ 10ರಂದು ಝಿವ್ಕೊವ್ ಅಧಿಕಾರ ಕಳಕೊಂಡರು. ವರ್ಷದ ಕೊನೆಗೆ ಹೆಸರುಗಳನ್ನು ಮರಳಿ ಪಡೆಯುವ ಹಕ್ಕು ಒಪ್ಪಿಕೊಂಡರು. ಹೋದವರಲ್ಲಿ ದೊಡ್ಡ ಪಾಲು ವಾಪಸ್ ಬಂತು. 2012ರ ಜನವರಿಯಲ್ಲಿ ಬಲ್ಗೇರಿಯಾದ ಸಂಸತ್ತು ಈ ಬಲವಂತದ ಸಮ್ಮಿಲನವನ್ನು ಖಂಡಿಸಿ, 1989ರ ಉಚ್ಚಾಟನೆಯನ್ನು ಜನಾಂಗೀಯ ಶುದ್ಧೀಕರಣದ ಒಂದು ರೂಪ ಎಂದು ಕರೆಯಿತು. ಆದರೆ ಯಾರಿಗೂ ಶಿಕ್ಷೆಯಾಗಲಿಲ್ಲ.

‘ನಮ್ಮ’ ಯಹೂದಿಗಳು, ‘ನಮ್ಮವರಲ್ಲದ’ ಯಹೂದಿಗಳು

ಇದನ್ನು ಕಮ್ಯುನಿಸ್ಟ್ ಸರ್ವಾಧಿಕಾರದ ತಪ್ಪು ಅಂತ ಮಾತ್ರ ಹೇಳಿ ಕೈ ತೊಳೆದುಕೊಳ್ಳೋದು ಸುಲಭ. ಹಾಗಾಗಿ ಅದಕ್ಕೂ ನಾಲ್ಕು ದಶಕ ಹಿಂದಕ್ಕೆ ಹೋಗೋಣ.

ಇಸ್ರೇಲಿನಲ್ಲಿ ‘ಬುರೇಕಸ್’ ಅಂತ ಬೀದಿ ಬೀದಿಯಲ್ಲಿ ಸಿಗೋ ತಿಂಡಿ ಇದೆ. ಅದನ್ನು ಅಲ್ಲಿಗೆ ಒಯ್ದವರು ಬಾಲ್ಕನ್‌ನ ಸೆಫಾರ್ದಿ ಯಹೂದಿಗಳು. ಅವರಲ್ಲಿ 1948-49ರಲ್ಲಿ ವಲಸೆ ಹೋಗಿ ಜಾಫಾದಲ್ಲಿ ನೆಲೆಸಿದ ಬಲ್ಗೇರಿಯಾದವರ ಪಾತ್ರ ದೊಡ್ಡದು. ಅವರು ಜೀವ ಉಳಿಸಿಕೊಂಡು ಹೋದದ್ದೇ ಒಂದು ವಿಶೇಷ. ಎರಡನೇ ಮಹಾಯುದ್ಧದಲ್ಲಿ ಬಲ್ಗೇರಿಯಾ ನಾತ್ಸಿ ಜರ್ಮನಿಯ ಮಿತ್ರ. 1943ರಲ್ಲಿ ಯಹೂದಿಗಳ ಗಡೀಪಾರಿಗೆ ಸಿದ್ಧತೆ ನಡೆದಾಗ ಸಂಸತ್ತಿನ ಉಪಾಧ್ಯಕ್ಷ ದಿಮಿತರ್ ಪೆಶೆವ್, ಆರ್ಥೊಡಾಕ್ಸ್ ಚರ್ಚಿನ ಧರ್ಮಗುರುಗಳು, ಸಾಮಾನ್ಯ ನಾಗರಿಕರು ಎದ್ದು ನಿಂತು ತಡೆದರು. ಸುಮಾರು 48,000 ಜನ ಉಳಿದುಕೊಂಡರು. ಬಲ್ಗೇರಿಯಾ ಇದರ ಬಗ್ಗೆ ಹೆಮ್ಮೆಪಡುತ್ತೆ, ಪಡಬೇಕಾದ್ದೇ.

ಆದರೆ ಅದೇ ವರ್ಷ, ಬಲ್ಗೇರಿಯಾ ತನ್ನ ಆಡಳಿತಕ್ಕೆ ತೆಗೆದುಕೊಂಡಿದ್ದ ಥ್ರೇಸ್, ಮ್ಯಾಸಿಡೋನಿಯಾ ಮತ್ತು ಪಿರೋತ್‌ನಿಂದ 11,343 ಯಹೂದಿಗಳನ್ನು ಹಿಡಿದು ಜರ್ಮನ್ನರಿಗೆ ಒಪ್ಪಿಸಲಾಯಿತು. ಅವರನ್ನು ಸಾಗಿಸಿದ್ದು ಟ್ರೆಬ್ಲಿಂಕಾಕ್ಕೆ. ಬಹುತೇಕ ಯಾರೂ ಬದುಕಿ ಬರಲಿಲ್ಲ. ಹಳೆಯ ಗಡಿಯೊಳಗಿನವರು ಬಲ್ಗೇರಿಯಾದ ಪೌರರು. ಹೊಸದಾಗಿ ಸೇರಿಸಿಕೊಂಡ ನೆಲದ ಯಹೂದಿಗಳಿಗೆ ಪೌರತ್ವ ಕೊಟ್ಟಿರಲಿಲ್ಲ.

ಮ್ಯಾಸಿಡೋನಿಯಾದ ಬಿತೋಲಾ ಆಗಲಿ, ಬಲ್ಗೇರಿಯಾದ ಪ್ಲೊವ್ದಿವ್ ಆಗಲಿ, ಈ ಸೆಫಾರ್ದಿ ಮನೆಗಳ ಭಾಷೆ ಒಂದೇ, ಲಾದಿನೋ. ಅಡುಗೆಯೂ ಹೆಚ್ಚುಕಮ್ಮಿ ಒಂದೇ. ಅವರ ಸಾವು ಬದುಕನ್ನು ನಿರ್ಧರಿಸಿದ್ದು ಯಾವ ಪಟ್ಟಿಯಲ್ಲಿ ಹೆಸರಿದೆ ಅನ್ನೋದು.

ಬೇಕರಿ ಬಾಗಿಲಿಗೆ ಹಂದಿಯ ತಲೆ

ಈಗ ನಮ್ಮ ಕಾಲಕ್ಕೆ, ಪಕ್ಕದ ದೇಶಗಳಿಗೆ ಬರೋಣ. ಯುಗೊಸ್ಲಾವಿಯಾದಲ್ಲಿ ಬುರೆಕ್ ಹಬ್ಬಿದ್ದರಲ್ಲಿ ಅಲ್ಬೇನಿಯನ್ ಮತ್ತು ಗೊರಾನಿ ಬೇಕರಿಯವರ ಪಾಲು ಬಹಳ. ಕೊಸೊವೊ, ಮ್ಯಾಸಿಡೋನಿಯಾ ಕಡೆಯಿಂದ ಹೋದ ಈ ಕುಟುಂಬಗಳು ಬೆಲ್‌ಗ್ರೇಡ್‌ನಿಂದ ಲ್ಯುಬ್ಲಿಯಾನಾವರೆಗೆ ಬೇಕರಿ ತೆರೆದವು. ನಸುಕಿಗೆ ಎದ್ದು ಹಿಟ್ಟು ನಾದುವ ಈ ದುಡಿಮೆಯಿಂದಲೇ ಆ ನಗರಗಳ ಬೆಳಗಿನ ಹೊಟ್ಟೆ ತುಂಬೋದು.

2014ರ ಅಕ್ಟೋಬರ್‌ನಲ್ಲಿ ಬೆಲ್‌ಗ್ರೇಡ್‌ನಲ್ಲಿ ಸರ್ಬಿಯಾ-ಅಲ್ಬೇನಿಯಾ ಫುಟ್‌ಬಾಲ್ ಪಂದ್ಯ. ಮೈದಾನದ ಮೇಲೆ ‘ಮಹಾ ಅಲ್ಬೇನಿಯಾ’ ನಕ್ಷೆಯ ಬಾವುಟ ಹೊತ್ತ ಡ್ರೋನ್ ಹಾರಿತು, ಗಲಾಟೆಯಾಗಿ ಪಂದ್ಯ ನಿಂತಿತು. ಆಮೇಲಿನ ದಿನಗಳಲ್ಲಿ ಸರ್ಬಿಯಾದ ಉತ್ತರದ ವೊಯ್ವೊದಿನಾದಲ್ಲಿ ಅಲ್ಬೇನಿಯನ್ನರ ಬೇಕರಿಗಳ ಮೇಲೆ ದಾಳಿಗಳಾದವು. 2019ರಲ್ಲಿ ಬೆಲ್‌ಗ್ರೇಡ್ ಹೊರವಲಯದ ಬೋರ್ಚಾದಲ್ಲಿ ಒಂದು ಬೇಕರಿಯ ಮುಂದೆ ಬಲಪಂಥೀಯರ ಗುಂಪು ಜಮಾಯಿಸಿ ಹಂದಿಯ ತಲೆ ತಂದಿಟ್ಟಿತು. ಕಾರಣ, ಮಾಲೀಕರ ಸಂಬಂಧಿಯೊಬ್ಬ ಕೈಯಲ್ಲಿ ಅಲ್ಬೇನಿಯಾದ ಹದ್ದಿನ ಸನ್ನೆ ಮಾಡಿದ ಫೋಟೊ. ಬೇಕರಿಯವರ ಜೊತೆ ನಿಲ್ಲಲು ಅಲ್ಲಿಗೇ ಬಂದು ಬ್ರೆಡ್ಡು, ತಿಂಡಿ ಕೊಂಡ ನಾಗರಿಕರೂ ಇದ್ದರು ಅನ್ನೋದನ್ನು ಮರೆಯಬಾರದು.

ಇನ್ನು ಸ್ಲೊವೇನಿಯಾ. ಅಲ್ಲಿ ಗೋಡೆಗಳ ಮೇಲೆ ಕಾಣಿಸಿಕೊಂಡ ಒಂದು ಬರಹ ಕುಖ್ಯಾತ: ‘ಬುರೆಕ್? ನೈನ್ ಡಾಂಕೆ’. ಬುರೆಕ್ಕಾ, ಬೇಡಪ್ಪ ಅಂತ, ಅದೂ ಜರ್ಮನ್ ಭಾಷೆಯಲ್ಲಿ. ನಾವು ಯುರೋಪಿನವರು, ದಕ್ಷಿಣದ ಬಾಲ್ಕನ್‌ನವರಲ್ಲ ಅನ್ನೋದು ಇಂಗಿತ. ಸಂಶೋಧಕ ಯೆರ್ನೆಯ್ ಮ್ಲೆಕುಜ್ ಬುರೆಕ್ ಅಲ್ಲಿ ಹೇಗೆ ವಲಸಿಗರ ಮೇಲಿನ ತಿರಸ್ಕಾರದ ಸಂಕೇತವಾಯಿತು ಅಂತ ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಅದೇ ಸ್ಲೊವೇನಿಯಾ ತನ್ನ ಪದರಿನ ಸಿಹಿ, ಪ್ರೆಕ್ಮುರ್ಸ್ಕಾ ಗಿಬಾನಿತ್ಸಾಗೆ 2010ರಲ್ಲಿ ಯುರೋಪಿಯನ್ ಒಕ್ಕೂಟದ ಸಾಂಪ್ರದಾಯಿಕ ವಿಶೇಷ ಉತ್ಪನ್ನದ ಮಾನ್ಯತೆ ಪಡೆಯಿತು. ಎರಡೂ ಹಾಳೆ, ಎರಡೂ ಹೂರಣ. ಒಂದಕ್ಕೆ ಪ್ರಮಾಣಪತ್ರ, ಇನ್ನೊಂದಕ್ಕೆ ಗೋಡೆಬರಹ.

ಗೋಡೆಬರಹದಲ್ಲೇ ಮುಗಿದಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. 1991ರಲ್ಲಿ ಸ್ವತಂತ್ರವಾದ ಸ್ಲೊವೇನಿಯಾ 1992ರ ಫೆಬ್ರವರಿ 26ರಂದು 25,671 ಜನರ ಹೆಸರನ್ನು ಕಾಯಂ ನಿವಾಸಿಗಳ ದಾಖಲೆಯಿಂದ ಅಳಿಸಿಹಾಕಿತು. ಹೆಚ್ಚಿನವರು ಯುಗೊಸ್ಲಾವಿಯಾದ ಬೇರೆ ಗಣರಾಜ್ಯಗಳಿಂದ ದುಡಿಯಲು ಬಂದು ನೆಲೆಸಿದ್ದವರು ಅಥವಾ ಅವರ ಮಕ್ಕಳು. ಆರು ತಿಂಗಳ ಗಡುವಿನೊಳಗೆ ಪೌರತ್ವಕ್ಕೆ ಅರ್ಜಿ ಹಾಕದವರು, ಹಾಕಿ ತಿರಸ್ಕೃತರಾದವರು. ರಾತ್ರೋರಾತ್ರಿ ಕೆಲಸ, ಪಿಂಚಣಿ, ಆಸ್ಪತ್ರೆಯ ಹಕ್ಕು ಹೋಯಿತು. ‘ಅಳಿಸಲ್ಪಟ್ಟವರು’ ಅಂತಲೇ ಅವರಿಗೆ ಹೆಸರು. 2012ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಸ್ಲೊವೇನಿಯಾ ತಪ್ಪು ಮಾಡಿದೆ ಅಂತ ತೀರ್ಪಿತ್ತಿತು. ಇಪ್ಪತ್ತು ವರ್ಷ ಬೇಕಾಯಿತು ಅಷ್ಟಕ್ಕೆ.

ಊಟ ಜನರನ್ನು ಒಂದು ಮಾಡುತ್ತಾ?

ಇಷ್ಟು ಓದಿದ ಮೇಲೆ ಒಂದು ಸುಲಭದ ಸಮಾಧಾನ ಮನಸ್ಸಿಗೆ ಬರಬಹುದು: ಎಲ್ಲರೂ ಒಂದೇ ತಿಂಡಿ ತಿನ್ನೋರು, ಹಾಗಾದರೆ ಜಗಳ ಯಾಕೆ, ಒಟ್ಟಿಗೆ ಕೂತು ತಿಂದರೆ ಎಲ್ಲ ಸರಿಹೋಗುತ್ತೆ. ನಾನು ಇದನ್ನು ಒಪ್ಪಲ್ಲ.

ಬೋಸ್ನಿಯಾದಲ್ಲಿ ಮಾಂಸ ತುಂಬಿದ್ದು ಮಾತ್ರ ಬುರೆಕ್. ಚೀಸ್ ತುಂಬಿದರೆ ಸಿರ್ನಿತ್ಸಾ, ಪಾಲಕ್ ತುಂಬಿದರೆ ಜೆಲ್ಯಾನಿತ್ಸಾ, ಆಲೂಗಡ್ಡೆ ತುಂಬಿದರೆ ಕ್ರೊಂಪಿರುಶಾ. ಇವೆಲ್ಲ ಸೇರಿ ಪಿತಾ. ‘ಚೀಸ್ ಬುರೆಕ್ ಕೊಡಿ’ ಅಂದರೆ ಸರಾಯೆವೊದಲ್ಲಿ ನಿಮ್ಮನ್ನು ತಿದ್ದುತ್ತಾರೆ. ಆದರೆ ಅಲ್ಲಿನ ಬೋಸ್ನಿಯಾಕ್, ಸರ್ಬ್, ಕ್ರೊಯೇಟ್ ಮನೆಗಳಲ್ಲಿ ಈ ಪಿತಾ ಹಂಚಿಕೊಂಡ ಊಟವೇ. ಹಾಗಿದ್ದೂ 1992ರಿಂದ 1995ರವರೆಗೆ ಯುದ್ಧ ನಡೆಯಿತು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಬೋಸ್ನಿಯಾಕ್ ಗಂಡಸರು, ಹುಡುಗರನ್ನು ಕೊಂದರು. ಕೊಂದವರೂ ಸತ್ತವರೂ ಒಂದೇ ಬಗೆಯ ತಿಂಡಿ ತಿಂದು ಬೆಳೆದವರು.

ಹಂಚಿಕೊಂಡ ರುಚಿ ಯಾರ ಪ್ರಾಣವನ್ನೂ ತಾನಾಗೇ ಉಳಿಸಲ್ಲ. 1943ರಲ್ಲಿ ಉಳಿಸಿದ್ದು ಪೌರತ್ವ, ಮತ್ತು ಆ ಪೌರತ್ವದ ಪರವಾಗಿ ಬಾಯಿಬಿಟ್ಟ ಜನ. 1989ರಲ್ಲಿ ಹೆಸರು ವಾಪಸ್ ತಂದಿದ್ದು ಬೀದಿಗಿಳಿದ ಹಳ್ಳಿಗರು. ಸ್ಲೊವೇನಿಯಾದಲ್ಲಿ ನ್ಯಾಯ ತಂದಿದ್ದು ಇಪ್ಪತ್ತು ವರ್ಷ ಬಿಡದೆ ನಡೆಸಿದ ಹೋರಾಟ.

ಹಾಗಂತ ಎಲ್ಲ ಒಂದೇ, ವ್ಯತ್ಯಾಸವೇ ಇಲ್ಲ ಅನ್ನೋದೂ ಸರಿಯಲ್ಲ. ಬನಿತ್ಸಾ ಬೊರೆಕ್‌ನ ನಕಲಲ್ಲ. ಮೊಸರು ಸೋಡಾ ಹದ, ಹೊಸ ವರ್ಷದ ಚೀಟಿ, ಉಪವಾಸದ ಸಿಹಿಗುಂಬಳ, ಇವು ಬಲ್ಗೇರಿಯಾದ ಹೆಂಗಸರು ಕಟ್ಟಿದ ಲೋಕ. ಅದನ್ನು ‘ನಮ್ಮದು’ ಅನ್ನೋಕೆ ಅವರಿಗೆ ಪೂರ್ತಿ ಹಕ್ಕಿದೆ. ಆ ‘ನಮ್ಮದು’ ಪಕ್ಕದ ಮನೆಯವರ ಹೆಸರನ್ನು ಕಿತ್ತುಕೊಳ್ಳುವ ಅಧಿಕಾರವಾದಾಗ ಮಾತ್ರ ನನ್ನ ತಕರಾರು.

ಆದ್ದರಿಂದ ಮುಂದಿನ ಸಲ ಯಾವ ದೇಶದ್ದೇ ಆಗಲಿ, ‘ನಮ್ಮ ರಾಷ್ಟ್ರೀಯ ಅಡುಗೆ’ ಅನ್ನೋ ಹೆಮ್ಮೆಯ ಮಾತು ಕಿವಿಗೆ ಬಿದ್ದಾಗ, ರುಚಿ ನೋಡೋಣ, ಹೊಗಳೋಣ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳೋಣ: ಇದನ್ನು ಬೇಯಿಸುತ್ತಾ ಬಂದವರೆಲ್ಲರ ಹೆಸರು ಆ ದೇಶದ ಪಟ್ಟಿಯಲ್ಲಿ ಇದೆಯಾ? ಅವರೇ ಇಟ್ಟುಕೊಂಡ ಹೆಸರಿನಲ್ಲಿ ಇದೆಯಾ?